ಮೈಸೂರು-ಮಂಗಳೂರು ಫ್ಲೈಟಲ್ಲಿ ಎಷ್ಟೊತ್ತು? ಹದಿನಾರು ನಿಮಿಷದ ಲೆಕ್ಕದ ಕಥೆ

ಮೈಸೂರಿನ ಏರ್‌ಪೋರ್ಟ್ ಇರೋ ಮಂಡಕಳ್ಳಿಯಿಂದ ಮಂಗಳೂರಿನ ಏರ್‌ಪೋರ್ಟ್ ಇರೋ ಬಜ್ಪೆಗೆ ಮ್ಯಾಪ್ ಮೇಲೆ ನೇರ ಗೆರೆ ಎಳೆದ್ರೆ ಸುಮಾರು 207 ಕಿಲೋಮೀಟರ್. ಜೆಟ್ ಸ್ಪೀಡು ಗಂಟೆಗೆ 800 ಅಂತ ಹಿಡಿದು ಭಾಗಿಸಿದ್ರೆ ಹೆಚ್ಚುಕಡಿಮೆ ಹದಿನಾರು ನಿಮಿಷ ಬರತ್ತೆ, ಮೈಸೂರಿಂದ ನಂಜನಗೂಡಿಗೆ ಬಸ್ಸಲ್ಲಿ ಹೋಗೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆದ್ರೆ ಮಂಡಕಳ್ಳಿ ರನ್‌ವೇ ಇರೋದೇ 1,740 ಮೀಟರು, ಅಲ್ಲಿ ದಿನಾ ಬಂದು ಹೋಗೋದು ಎಟಿಆರ್ ಥರದ ಫ್ಯಾನಿನ ವಿಮಾನ, ಅದರ ಸ್ಪೀಡು ಐನೂರರ ಆಸುಪಾಸು.

ಮೈಸೂರಿಗೆ ಏರೋಡ್ರೋಮು ಹೊಸದೇನಲ್ಲ, 1940ರ ದಶಕದಲ್ಲಿ ಮಹಾರಾಜರ ಕಾಲದಲ್ಲೇ ಆಗಿದ್ದು. 1985ರಲ್ಲಿ ವಾಯುದೂತ್ ಅನ್ನೋ ಸರ್ಕಾರಿ ವಿಮಾನ ಕಂಪನಿಯವರು ಪುಟ್ಟ ಡಾರ್ನಿಯರ್ ವಿಮಾನ ಹಾಕಿ ಬೆಂಗಳೂರಿಗೆ ಓಡಿಸಿದ್ರು, ಜನ ಹತ್ತಲಿಲ್ಲ, ನಿಂತೋಯ್ತು. 2010ರಲ್ಲಿ ಹೊಸ ಟರ್ಮಿನಲ್ ಆಯ್ತು, ಕಿಂಗ್‌ಫಿಶರ್ ಬಂತು, ಮುಂದಿನ ವರ್ಷವೇ ಅದೂ ಹೋಯ್ತು. ರನ್‌ವೇ ಉದ್ದ ಮಾಡೋಣ ಅಂದ್ರೆ ಪಕ್ಕದಲ್ಲೇ ನಂಜನಗೂಡು ರೋಡು, ರೈಲ್ವೆ ಲೈನು. ಹೈವೇನ ರನ್‌ವೇ ಕೆಳಗೆ ತೂರಿಸೋ ಮಾತು ಕೇಳ್ತಾ ಕೇಳ್ತಾ ನಮಗೆ ವಯಸ್ಸಾಯ್ತು. ಬಜ್ಪೆದು ಬೇರೆ ಕಥೆ. 1951ರ ಡಿಸೆಂಬರ್ 25ಕ್ಕೆ ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದು ಶುರುವಾಗಿದ್ದು, ಗುಡ್ಡದ ತಲೆ ಸವರಿ ಮಾಡಿದ ಟೇಬಲ್‌ಟಾಪ್ ರನ್‌ವೇ, 2006ರಲ್ಲಿ 2,450 ಮೀಟರಿನ ಎರಡನೇ ರನ್‌ವೇ ಕೂಡ ಬಂತು.

ಹಾಗಾದ್ರೆ ಇಷ್ಟು ಹತ್ತಿರದ ಊರಿಗೆ ವಿಮಾನ ಯಾಕೆ ಬೇಕು ಅಂದ್ರೆ, ಮಧ್ಯೆ ಘಾಟಿ ಇದೆಯಲ್ಲ! ರಸ್ತೆ ಸುಮಾರು 250 ಕಿಲೋಮೀಟರ್, ಮಡಿಕೇರಿವರೆಗೆ ಹೇಗೋ ಆಗತ್ತೆ, ಅಲ್ಲಿಂದ ಸಂಪಾಜೆಗೆ ಇಳಿಯುವಾಗ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಬಿಟ್ರೆ ಪಕ್ಕದವರ ಮಡಿಲಲ್ಲಿರ್ತೀರಿ, ಸುಳ್ಯ ಬಂದ್ಮೇಲೇನೇ ಹೊಟ್ಟೆ ಒಂದು ಹದಕ್ಕೆ ಬರೋದು. ಒಟ್ಟು ಆರೇಳು ಗಂಟೆ. 2018ರ ಆಗಸ್ಟಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದು ಆ ದಾರಿನೇ ಬಂದ್ ಆಗಿತ್ತು. ರೈಲು ಹಾಸನ-ಸಕಲೇಶಪುರ ಸುತ್ತಿ ಹೋಗತ್ತೆ, ಸುಬ್ರಹ್ಮಣ್ಯ ಘಾಟಿಯ 55 ಕಿಲೋಮೀಟರಲ್ಲಿ 57 ಸುರಂಗ, ಸ್ಪೀಡು ಸುಮಾರು ಮೂವತ್ತು.

2020ರ ಡಿಸೆಂಬರಲ್ಲಿ ಅಲಯನ್ಸ್ ಏರ್ ಎರಡೂರ ಮಧ್ಯೆ ಎಟಿಆರ್-72 ಹಾಕ್ತು. ಐನೂರು ಸ್ಪೀಡಲ್ಲಿ 207 ಕಿಲೋಮೀಟರು ಅಂದ್ರೆ ಇಪ್ಪತ್ತೈದು ನಿಮಿಷ ಆಗ್ಬೇಕು, ಟೈಮ್‌ಟೇಬಲ್ಲಲ್ಲಿ ಮಾತ್ರ ಸುಮಾರು ಒಂದು ಗಂಟೆ. ಮೋಸ ಏನಿಲ್ಲ. ವಿಮಾನ ನಿಂತ ಜಾಗದಿಂದ ಹೊರಟು ಆ ಕಡೆ ನಿಲ್ಲೋವರೆಗೂ ಸಮಯ ಲೆಕ್ಕಕ್ಕೆ ಬರತ್ತೆ, ಏರೋಕೆ, ಇಳಿಯೋಕೆ, ಗಾಳಿ ನೋಡ್ಕೊಂಡು ರನ್‌ವೇ ಕಡೆ ತಿರುಗೋಕೆ ಟೈಮ್ ಹೋಗತ್ತೆ, ಇಷ್ಟು ಚಿಕ್ಕ ದೂರದಲ್ಲಿ ವಿಮಾನ ಪೂರ್ತಿ ಸ್ಪೀಡಲ್ಲಿ ಇರೋದೇ ಸ್ವಲ್ಪ ಹೊತ್ತು. ಅದರ ಮೇಲೆ ಒಂದು ಗಂಟೆ ಮುಂಚೆ ಚೆಕ್‌ಇನ್, ಬಜ್ಪೆಯಿಂದ ಮಂಗಳೂರು ಪೇಟೆ ನಡುವಿನ ಹಂಪನಕಟ್ಟೆಗೆ ಟ್ಯಾಕ್ಸಿ. ಮನೆಯಿಂದ ಮನೆಗೆ ಅಂತ ಹಿಡಿದ್ರೆ ಮೂರು ಗಂಟೆ ಮೇಲೇ ಆಗತ್ತೆ, ಬಸ್ಸಿಗಿಂತ ಅರ್ಧ ಟೈಮ್ ಉಳಿಯತ್ತೆ ಅಷ್ಟೆ. ಆ ಸರ್ವೀಸೂ ಬಹಳ ಕಾಲ ಉಳೀಲಿಲ್ಲ.

ತಮಾಷೆ ಅಂದ್ರೆ, ಫ್ಲೈಟು ಇರ್ಬೇಕಿತ್ತು ಅಂತ ಜಾಸ್ತಿ ಅನ್ಸೋದು ಜುಲೈ-ಆಗಸ್ಟಲ್ಲಿ, ಘಾಟಿ ಕೈಕೊಟ್ಟಾಗ. ಅದೇ ತಿಂಗಳು ಬಜ್ಪೆ ಗುಡ್ಡದ ಮೇಲೂ ಮೋಡ ಕೂತಿರತ್ತೆ, ರನ್‌ವೇ ಕಾಣದೆ ವಿಮಾನಗಳನ್ನ ಬೆಂಗಳೂರಿಗೋ ಕಣ್ಣೂರಿಗೋ ತಿರುಗಿಸ್ತಾರೆ. ಬೆಂಗಳೂರಲ್ಲಿ ಇಳಿದವರು ಮತ್ತೆ ಹತ್ತೋದು ಘಾಟಿ ಬಸ್ಸೇ.