ಹಳೆ ಗಿಟಾರ್ ಕಿರುಚಿದರೆ ಮ್ಯಾಗ್ನೆಟ್ ಸತ್ತಿದೆ ಅಂತಲ್ಲ

ತೊಡೆಯ ಮೇಲೆ ಮಲಗಿಸಿ ನುಡಿಸುವ ಹಳೆಯ ಲ್ಯಾಪ್ ಸ್ಟೀಲ್ ಗಿಟಾರನ್ನು ಆಂಪ್ಲಿಫೈಯರ್‌ಗೆ ಚುಚ್ಚಿ ವಾಲ್ಯೂಮ್ ಏರಿಸಿದ ಕೂಡಲೇ ಅದು ಕೀಂ ಎಂದು ಕಿರುಚುತ್ತದೆ. ತಕ್ಷಣ ಯಾರೋ ಒಬ್ಬರು ತೀರ್ಪು ಕೊಡುತ್ತಾರೆ: ಮ್ಯಾಗ್ನೆಟ್ ಸತ್ತುಹೋಗಿದೆ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಬದಲಾಯಿಸಿ. ಇನ್ನೊಬ್ಬರದು ಇದಕ್ಕೆ ಉಲ್ಟಾ ಮಾತು. ಆ ಕಿರುಚಾಟವೇ ಹಳೆ ವಾದ್ಯದ ಜೀವ, ಕೈ ಹಾಕಿದರೆ ನಾದ ಕೆಡುತ್ತದೆ ಅಂತ. ಎರಡೂ ತಪ್ಪು. ಮ್ಯಾಗ್ನೆಟ್ ಸೋತರೆ ಸದ್ದು ಕಡಿಮೆಯಾಗುತ್ತದೆ, ಕಿರುಚುವುದಿಲ್ಲ. ಕಿರುಚುತ್ತಿದ್ದರೆ ಒಳಗೆ ಯಾವುದೋ ಭಾಗ ಸಡಿಲವಾಗಿ ಅಲ್ಲಾಡುತ್ತಿರುವ ಸಾಧ್ಯತೆಯೇ ಜಾಸ್ತಿ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಪಿಕಪ್ ಮೈಕ್ ಅಲ್ಲ. ಗಾಳಿಯಲ್ಲಿ ಬರುವ ಸದ್ದು ಅದಕ್ಕೆ ಬೇಕಿಲ್ಲ. ನೈಲಾನ್ ತಂತಿ ಹಾಕಿ ಎಷ್ಟೇ ಜೋರಾಗಿ ಮೀಟಿದರೂ ಒಳ್ಳೆಯ ಪಿಕಪ್‌ನಿಂದ ಏನೂ ಬರುವುದಿಲ್ಲ, ಉಕ್ಕಿನ ತಂತಿಯೇ ಬೇಕು. ಮ್ಯಾಗ್ನೆಟ್ ಹತ್ತಿರ ಇರುವ ಉಕ್ಕಿನ ತಂತಿ ತಾನೂ ಪುಟ್ಟ ಮ್ಯಾಗ್ನೆಟ್ ಆಗುತ್ತದೆ. ಅದು ಕಂಪಿಸಿದಾಗ ಪಕ್ಕದ ಕಾಯಿಲ್ (ತೆಳು ತಾಮ್ರದ ತಂತಿಯ ಸುರುಳಿ) ಮೂಲಕ ಹಾದುಹೋಗುವ ಕಾಂತಕ್ಷೇತ್ರ ಹೆಚ್ಚುಕಡಿಮೆ ಆಗುತ್ತದೆ, ಆ ಬದಲಾವಣೆಯಿಂದ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಾಯಿಲ್ ಒಳಗೆ ಮ್ಯಾಗ್ನೆಟ್ ತೂರಿಸಿ, ಹೊರಗೆಳೆದು ತೋರಿಸಿದ್ದು ಇದನ್ನೇ.

ಈ ಪಿಕಪ್ ಲ್ಯಾಪ್ ಸ್ಟೀಲ್‌ಗೇ ಮೊದಲು ಬಂದಿದ್ದರ ಹಿಂದೆ ಒಂದು ಕಥೆ ಇದೆ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಪದ್ಧತಿ 19ನೇ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಬೆಳೆಯಿತು. ಅದನ್ನು ಕಂಡುಹಿಡಿದವರು ಎಂದು ಸಾಮಾನ್ಯವಾಗಿ ಜೋಸೆಫ್ ಕೆಕುಕು ಅವರ ಹೆಸರು ಹೇಳುತ್ತಾರೆ. ಮುಂದೆ ಅಮೆರಿಕದಲ್ಲೆಲ್ಲ ಆ ಸಂಗೀತದ ಹುಚ್ಚು ಹಬ್ಬಿತು. ಆದರೆ ತುತ್ತೂರಿ, ಡ್ರಮ್‌ಗಳ ಮಧ್ಯೆ ಪಾಪ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಲಾಸ್ ಏಂಜಲೀಸ್‌ನ ಜಾರ್ಜ್ ಬೀಚಮ್ ತಾನೇ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದ ಮನುಷ್ಯ, ಹಾಗಾಗಿ ಈ ಸಂಕಟ ಅವರಿಗೆ ಚೆನ್ನಾಗಿ ಗೊತ್ತಿತ್ತು. 1931ರಲ್ಲಿ ಮರದ ಮೈಯ ಒಂದು ಮಾದರಿ ತಯಾರಾಯಿತು. ಲೋಹದ ಕೆಲಸದ ಕಾರ್ಖಾನೆ ನಡೆಸುತ್ತಿದ್ದ ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಅದನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು 1932ರಲ್ಲಿ ಮಾರಾಟಕ್ಕಿಟ್ಟರು. ದುಂಡು ಮೈ, ಉದ್ದ ಹಿಡಿ, ಹಾಗಾಗಿ ಅದಕ್ಕೆ ಫ್ರೈಯಿಂಗ್ ಪ್ಯಾನ್ ಅನ್ನುವ ಹೆಸರೇ ಅಂಟಿತು. ಪೇಟೆಂಟ್ ಸಿಕ್ಕಿದ್ದು ಮಾತ್ರ 1937ರಲ್ಲಿ. ಅದೇ ವಾದ್ಯದ ಸಂತತಿ ನಮ್ಮ ದೇಶಕ್ಕೂ ಬಂತು. ಹಳೆ ಹಿಂದಿ ಹಾಡುಗಳ ಧಾಟಿಯನ್ನು ವ್ಯಾನ್ ಶಿಪ್ಲಿ, ಹಜಾರಾ ಸಿಂಗ್ ಜಾರುವ ಗಿಟಾರ್‌ನಲ್ಲಿ ನುಡಿಸಿದ ರೆಕಾರ್ಡ್ ಕೇಳಿದ್ದೀರಲ್ವಾ, ಅದು ಇದೇ.

ಈಗ ಅಸಲು ವಿಷಯ. ಆ ಫ್ರೈಯಿಂಗ್ ಪ್ಯಾನ್‌ನ ಪಿಕಪ್‌ನಲ್ಲಿ ಕುದುರೆ ಲಾಳದ ಆಕಾರದ ಎರಡು ಉಕ್ಕಿನ ಮ್ಯಾಗ್ನೆಟ್‌ಗಳು ತಂತಿಗಳ ಮೇಲೆ ಕಮಾನಿನಂತೆ ಬಾಗಿವೆ, ಕೆಳಗೆ ಕಾಯಿಲ್ ಕೂತಿದೆ. ಕಾಯಿಲ್‌ಗೆ ಗೊತ್ತಾಗುವುದು ಕಾಂತಕ್ಷೇತ್ರ ಬದಲಾಯಿತು ಅನ್ನುವುದು ಮಾತ್ರ. ಬದಲಾಯಿಸಿದ್ದು ಯಾರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತಂತಿ ಅಲ್ಲಾಡಿದರೂ ವೋಲ್ಟೇಜ್, ಮ್ಯಾಗ್ನೆಟ್ ಅಲ್ಲಾಡಿದರೂ ವೋಲ್ಟೇಜ್, ಕಾಯಿಲ್ ತಾನೇ ನಡುಗಿದರೂ ವೋಲ್ಟೇಜ್. ಕಾಯಿಲ್‌ನ ಸಾವಿರಾರು ಸುತ್ತುಗಳಲ್ಲಿ ಹೊರಗಿನ ನಾಲ್ಕು ಸುತ್ತು ಸಡಿಲವಾಗಿ ಕಂಪಿಸಿದರೂ ಸಾಕು. ಸ್ಪೀಕರ್‌ನಿಂದ ಬಂದ ಸದ್ದು ಆ ಸಡಿಲ ಭಾಗವನ್ನು ನಡುಗಿಸುತ್ತದೆ, ನಡುಕದಿಂದ ವೋಲ್ಟೇಜ್ ಬರುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಮತ್ತೆ ಸ್ಪೀಕರ್‌ಗೆ ಕಳಿಸುತ್ತದೆ, ಸ್ಪೀಕರ್ ಇನ್ನೂ ಜೋರಾಗಿ ನಡುಗಿಸುತ್ತದೆ. ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಸಿಗ್ನಲ್ ಮೊದಲಿಗಿಂತ ದೊಡ್ಡದಾಗಿದ್ದರೆ ಮುಗೀತು, ಕಿರುಚಾಟ ಶುರು.

ತಂತಿಗಳೇ ಸ್ಪೀಕರ್ ಸದ್ದಿಗೆ ಅನುರಣಿಸಿ ಕೂಗುವುದೂ ಉಂಟು, ಅದು ಬೇರೆ. ಎರಡನ್ನೂ ಬೇರ್ಪಡಿಸುವುದು ಸುಲಭ. ಅಂಗೈಯಿಂದ ಎಲ್ಲ ತಂತಿಗಳನ್ನೂ ಗಟ್ಟಿಯಾಗಿ ಒತ್ತಿಹಿಡಿಯಿರಿ. ಸದ್ದು ನಿಂತರೆ ಅದು ತಂತಿಯದು, ಪಿಕಪ್‌ಗೆ ಕೈ ಹಚ್ಚಬೇಡಿ. ನಿಲ್ಲದೆ ಹಾಗೇ ಕಿರುಚುತ್ತಿದ್ದರೆ ಪೆನ್ಸಿಲ್‌ನ ಹಿಂತುದಿಯಿಂದ ಪಿಕಪ್ ಮುಚ್ಚಳ, ಸ್ಕ್ರೂ, ಕಾಯಿಲ್ ಅಂಚು, ಒಂದೊಂದನ್ನೇ ಮೆಲ್ಲಗೆ ತಟ್ಟಿ. ಎಲ್ಲಿ ತಟ್ಟಿದಾಗ ಸ್ಪೀಕರ್‌ನಲ್ಲಿ ಟಕ್ ಅನ್ನುವುದು ಜೋರಾಗಿ ಬರುತ್ತದೋ ಅದರ ಆಸುಪಾಸಿನಲ್ಲೇ ಏನೋ ಸಡಿಲವಾಗಿದೆ.

ಕೆಲವೊಮ್ಮೆ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದರೆ ಸಾಕು. ಕೆಲವೊಮ್ಮೆ ಪಿಕಪ್ ಅಡಿಯ ರಬ್ಬರ್ ಕಲ್ಲಾಗಿಯೋ ಜಿಗುಟು ಅಂಟಾಗಿಯೋ ಹೋಗಿರುತ್ತದೆ. ಕೆರೆದು ತೆಗೆದು ಹೊಸ ತುಂಡು ಇಡಿ. ಮುಚ್ಚಳ ಅದುರುತ್ತಿದ್ದರೆ ಒಳಗೆ ಒಂದು ಹನಿ ಸಿಲಿಕೋನ್ ಹಚ್ಚಬಹುದು, ಆದರೆ ವಿನೆಗರ್ ವಾಸನೆಯದು ಬೇಡವೇ ಬೇಡ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಎಷ್ಟೋ ಪಿಕಪ್‌ಗಳ ಕಾಯಿಲ್ ತಂತಿ 0.06 ಮಿಲಿಮೀಟರ್ ದಪ್ಪ, ನಮ್ಮ ಕೂದಲಿನಷ್ಟೇ. ತಿನ್ನಲು ಎಷ್ಟು ಹೊತ್ತು ಬೇಕು? ಫೆವಿಕ್ವಿಕ್ ಥರದ ಅಂಟೂ ಬೇಡ. ಕಾಯಿಲ್ ಒಳಗೆ ಹರಿದು ಗಟ್ಟಿಯಾದರೆ ಮುಂದೆ ಯಾರೂ ಬಿಚ್ಚಲಾರರು.

ಕಾಯಿಲ್ಲೇ ಸಡಿಲವಾಗಿದ್ದರೆ ಮೇಣವೇ ಮದ್ದು. ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಬರೀ ಪ್ಯಾರಾಫಿನ್ ತಣಿದಾಗ ಬಿರುಕು ಬಿಡುತ್ತದೆ, ಜೇನುಮೇಣ ಅದನ್ನು ಸ್ವಲ್ಪ ಮೆದು ಮಾಡುತ್ತದೆ. ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟೇ ಕರಗಿಸಬೇಕು, ನೇರ ಉರಿಗೆ ಇಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ. ಥರ್ಮಾಮೀಟರ್ 65 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಕಾಯಿಲ್ ಸುತ್ತಿರುವ ಹಳೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ. ಕಾಯಿಲ್ ಮುಳುಗಿಸಿದಾಗ ಸಣ್ಣ ಸಣ್ಣ ಗುಳ್ಳೆ ಸಾಲುಸಾಲಾಗಿ ಮೇಲೇಳುತ್ತವೆ. ಸುತ್ತುಗಳ ನಡುವೆ ಇದ್ದ ಗಾಳಿ ಅದು, ಅದರ ಜಾಗಕ್ಕೆ ಮೇಣ ಹೋಗುತ್ತಿದೆ. ಗುಳ್ಳೆ ನಿಂತ ಮೇಲೆ ತೆಗೆದು, ಮೇಲಿನ ಮೇಣ ಒರೆಸಿ ತಣಿಯಲು ಬಿಡಿ. ನಮ್ಮ ವೀಣೆಯ ಮೆಟ್ಟಿಲುಗಳನ್ನೂ ಮೇಣದಲ್ಲೇ ಕೂರಿಸುವುದು ಇದೇ ಗುಣಕ್ಕೆ: ಬಿಸಿಯಾದಾಗ ಸಂದಿಗೆ ಇಳಿಯುತ್ತದೆ, ತಣಿದರೆ ಹಿಡಿಯುತ್ತದೆ, ಬೇಕಾದಾಗ ಬಿಸಿ ಮಾಡಿ ಮತ್ತೆ ಬಿಡಿಸಬಹುದು.

ಲಾಳದ ಮ್ಯಾಗ್ನೆಟ್ ಇರುವ ಪಿಕಪ್ ಬಿಚ್ಚುವವರಿಗೆ ನನ್ನದು ಕಳಕಳಿಯ ಕೋರಿಕೆ. ಆ ಕಾಲದ ಉಕ್ಕಿನ ಮ್ಯಾಗ್ನೆಟ್ ಇದ್ದಲ್ಲೇ ಇದ್ದರೆ ದಶಕಗಟ್ಟಲೆ ಬಾಳುತ್ತದೆ. ಬಿಚ್ಚಿ ಬರಿದೇ ಮೇಜಿನ ಮೇಲೆ ಇಟ್ಟರೆ, ಕೆಳಗೆ ಬೀಳಿಸಿದರೆ, ಸುತ್ತಿಗೆಯಿಂದ ತಟ್ಟಿದರೆ ಬಲ ಕಳೆದುಕೊಳ್ಳುತ್ತದೆ. ತೆಗೆಯಲೇಬೇಕಾದರೆ ಅದರ ಎರಡು ತುದಿಗೂ ತಾಗುವಂತೆ ಒಂದು ಮೆದು ಕಬ್ಬಿಣದ ಪಟ್ಟಿಯನ್ನು ಕೂಡಲೇ ಅಂಟಿಸಿಡಿ, ಕಾಂತಕ್ಷೇತ್ರಕ್ಕೆ ಸುತ್ತಿ ಬರಲು ದಾರಿ ಇರಲಿ. ಮ್ಯಾಗ್ನೆಟ್ ಸತ್ತಿದೆಯೇನೋ ಅಂತ ಪರೀಕ್ಷೆ ಮಾಡಲು ಬಿಚ್ಚಿ, ಅದೇ ಕಾರಣಕ್ಕೆ ಚೆನ್ನಾಗಿದ್ದ ಮ್ಯಾಗ್ನೆಟ್ ಸೋಲುವುದು ನಿಜಕ್ಕೂ ಹೊಟ್ಟೆ ಉರಿಯುವ ಸಂಗತಿ.

ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಗಿಟಾರ್ ಕೇಬಲ್ ಕಿತ್ತು, ಬರೀ ಆಂಪ್ಲಿಫೈಯರ್ ಓಡಿಸಿ ವಾಲ್ಯೂಮ್ ಏರಿಸಿ. ಹಳೆ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಆಗಿದ್ದರೆ ಹಿಂದಿನಿಂದ ಕಾಣುವ ವಾಲ್ವ್‌ಗಳ ಗಾಜನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ, ಷಾಸಿಯೊಳಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿನೊಳಗೆ ಮಾತ್ರ ಕೈ ಹಾಕಬೇಡಿ, ಅಲ್ಲಿ ನೂರಾರು ವೋಲ್ಟ್ ಇರುತ್ತದೆ. ಗಾಜಿನೊಳಗಿನ ಭಾಗಗಳೂ ಸಡಿಲವಾಗಿ ನಡುಗಬಲ್ಲವು, ಅವೂ ಹೀಗೇ ಕಿರುಚಬಲ್ಲವು. ಒಂದು ವಾಲ್ವ್ ತಟ್ಟಿದಾಗ ಗಂಟೆಯಂತೆ ಗಣಗಣ ಅಂದರೆ ಅದನ್ನು ಬದಲಾಯಿಸಿ ನೋಡಿ, ಗಿಟಾರ್ ಬಿಚ್ಚುವ ಕೆಲಸವೇ ಬೀಳದಿರಬಹುದು.