ಅಪ್ಪನ ಜೊತೆ ಕೂತು ನೋಡಲು ಯಾವ ಯುದ್ಧದ ಸಿನಿಮಾ?

ಪ್ರಶ್ನೆ: ನಮ್ಮಪ್ಪ ಪಟ್ಟಾಳದಲ್ಲಿದ್ದು ನಿವೃತ್ತರಾದವರು. ಟಿವಿಯಲ್ಲಿ ಯುದ್ಧದ ಸಿನಿಮಾ ಬಂದರೆ ಹತ್ತು ನಿಮಿಷ ನೋಡಿ ಎದ್ದು ತೋಟದ ಕಡೆ ಹೋಗಿಬಿಡುತ್ತಾರೆ. ನನಗೆ ಹಳೆಯ ವಿದೇಶಿ ಯುದ್ಧದ ಚಿತ್ರಗಳೆಂದರೆ ತುಂಬಾ ಇಷ್ಟ. ಅವರ ಜೊತೆ ಕೂತು ನೋಡುವಂಥದ್ದು ಯಾವುದಾದರೂ ಇದೆಯಾ? ಯಾವುದರಿಂದ ಶುರು ಮಾಡಲಿ?
(ಪೊನ್ನಂಪೇಟೆ ಕಡೆಯ ಓದುಗರು)

ಉತ್ತರ: ‘ಬ್ಯಾಲಡ್ ಆಫ್ ಎ ಸೋಲ್ಜರ್’ ಎಂಬ ರಷ್ಯನ್ ಚಿತ್ರದಿಂದ ಶುರು ಮಾಡಿ. 1959ರದ್ದು, ಕಪ್ಪು ಬಿಳುಪು, ಸುಮಾರು ಒಂದೂವರೆ ಗಂಟೆ.

ಕೊಡಗಿನಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಬ್ಬರು ಅಪ್ಪನ ಬಗ್ಗೆ ಕೇಳುತ್ತಾರೆ, ಇನ್ನೊಬ್ಬರು ಅಜ್ಜನ ಬಗ್ಗೆ, ಮತ್ತೊಬ್ಬರು ಮಾವನ ಬಗ್ಗೆ. ಇಲ್ಲಿ ಒಂದು ಕುಟುಂಬದ ಐನ್ ಮನೆಗೆ, ಅಂದರೆ ಹಿರಿಯರ ಮೂಲ ಮನೆಗೆ ಹೋದರೆ ಗೋಡೆಯ ಮೇಲೆ ಸಮವಸ್ತ್ರದ ಒಂದು ಫೋಟೋವಾದರೂ ಇರುತ್ತದೆ. ಆ ಫೋಟೋದಲ್ಲಿರುವವರು ಯುದ್ಧದ ಬಗ್ಗೆ ಮನೆಯಲ್ಲಿ ಮಾತಾಡುವುದು ಮಾತ್ರ ಕಡಿಮೆ.

ನಮ್ಮ ದೊಡ್ಡಪ್ಪನೂ ಹಾಗೆಯೇ ಇದ್ದರು. ದೊಡ್ಡ ದೊಡ್ಡ ಸ್ಫೋಟದ ಇಂಗ್ಲಿಷ್ ಸಿನಿಮಾ ಒಂದನ್ನು ಅರ್ಧ ಗಂಟೆ ನೋಡಿ, “ಇವರು ಊಟ ಯಾವಾಗ ಮಾಡ್ತಾರೆ?” ಎಂದು ಕೇಳಿದ್ದರು. ಆಗ ನಾವು ಮಕ್ಕಳು ನಕ್ಕೆವು. ಅವರು ನಗಲಿಲ್ಲ. ಸೈನ್ಯದಲ್ಲಿದ್ದವರಿಗೆ ಯುದ್ಧದ ನೆನಪು ಎಂದರೆ ಬಹುಪಾಲು ಕಾದು ಕೂತ ದಿನಗಳು, ಬಾರದ ಕಾಗದ, ಸಿಗದ ರಜೆ, ಒದ್ದೆ ಬೂಟು, ಪಕ್ಕದ ಹಾಸಿಗೆಯ ಗೆಳೆಯ. ಗುಂಡು ಹಾರಿದ್ದು ಅದರಲ್ಲಿ ಕೆಲವು ಗಂಟೆ ಮಾತ್ರ. ಸಿನಿಮಾ ಆ ಕೆಲವು ಗಂಟೆಗಳನ್ನೇ ಮೂರು ಗಂಟೆ ತೋರಿಸಿದರೆ ಅವರಿಗೆ ಅದು ತಮ್ಮ ಕತೆ ಅನ್ನಿಸುವುದಿಲ್ಲ. ಅದಕ್ಕೇ ಮನೆಯಲ್ಲಿ ಮಾಜಿ ಸೈನಿಕರಿದ್ದರೆ ರಜೆ, ಸೆರೆ, ಮನೆಗೆ ಮರಳುವುದು, ಇಂಥ ವಿಷಯದ ಚಿತ್ರಗಳನ್ನು ಮೊದಲು ಆರಿಸಿ ಎನ್ನುತ್ತೇನೆ.

‘ಬ್ಯಾಲಡ್ ಆಫ್ ಎ ಸೋಲ್ಜರ್’ ಕತೆ ಪೂರ್ತಿ ಒಂದು ರಜೆಯ ಕತೆ. ಅಲ್ಯೋಶ ಎಂಬ 19 ವರ್ಷದ ಹುಡುಗ ಒಬ್ಬನೇ ಎರಡು ಜರ್ಮನ್ ಟ್ಯಾಂಕ್ ಹೊಡೆಯುತ್ತಾನೆ. ಜನರಲ್ ಪದಕ ಕೊಡುತ್ತೇನೆ ಅಂದರೆ ಇವನು, ಪದಕದ ಬದಲು ಊರಿಗೆ ಹೋಗಿ ಅಮ್ಮನನ್ನು ನೋಡಿ ಬರಬಹುದಾ, ಮನೆಯ ಮಾಡು ಸೋರುತ್ತಿದೆಯಂತೆ, ಸರಿ ಮಾಡಬೇಕು ಅನ್ನುತ್ತಾನೆ. ಆರು ದಿನ ರಜೆ ಸಿಗುತ್ತದೆ. ಹೋಗಲು ಎರಡು ದಿನ, ಬರಲು ಎರಡು ದಿನ, ಮಾಡಿಗೆ ಎರಡು ದಿನ. ಕೊಡಗಿನ ಮಳೆ ಕಂಡವರಿಗೆ ಈ ಮಾತು ಬೇರೆಯೇ ರೀತಿ ತಟ್ಟುತ್ತದೆ, ಅಲ್ವಾ? ಮಳೆಗಾಲಕ್ಕೆ ಮುಂಚೆ ರಜೆ ಹಾಕಿ ಬಂದು, ಏಣಿ ಹತ್ತಿ ಒಡೆದ ಹಂಚು ಬದಲಾಯಿಸಿ, ಮತ್ತೆ ಬಸ್ ಹತ್ತಿದ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ!

ದಾರಿಯಲ್ಲಿ ಅವನ ದಿನಗಳು ಕರಗುತ್ತಾ ಹೋಗುತ್ತವೆ. ಒಂದು ಕಾಲು ಕಳೆದುಕೊಂಡು ಮನೆಗೆ ಹೋಗಲು ಹೆದರುವ ಸೈನಿಕನೊಬ್ಬ ಸಿಗುತ್ತಾನೆ. ಗೂಡ್ಸ್ ರೈಲಿನಲ್ಲಿ ಅಡಗಿ ಪ್ರಯಾಣ ಮಾಡುವ ಶೂರ ಎಂಬ ಹುಡುಗಿ ಸಿಗುತ್ತಾಳೆ. ಯುದ್ಧಭೂಮಿಗೆ ಹೋಗುತ್ತಿರುವ ಅಪರಿಚಿತ ಸೈನಿಕನೊಬ್ಬ, ನನ್ನ ಹೆಂಡತಿಗೆ ಇದನ್ನು ತಲುಪಿಸು ಎಂದು ಸೋಪು ಕೊಟ್ಟು ಕಳಿಸುತ್ತಾನೆ. ಬರೀ ಸೋಪು. ಯುದ್ಧಕಾಲದಲ್ಲಿ ಅದು ಎಷ್ಟು ದೊಡ್ಡ ಉಡುಗೊರೆ ಎಂಬುದು ಆ ಸೈನಿಕರ ಮುಖದಲ್ಲೇ ಗೊತ್ತಾಗುತ್ತದೆ. ಮುಂದೆ ಆ ಸೋಪು ಏನಾಯಿತು ಎಂದು ನಾನು ಹೇಳುವುದಿಲ್ಲ.

ನಾವು ಇದನ್ನು ದೊಡ್ಡಪ್ಪನ ಜೊತೆ ನೋಡಿದ್ದು ಕಕ್ಕಡದ, ಅಂದರೆ ನಮ್ಮ ಜೋರು ಮಳೆಯ ತಿಂಗಳಿನ, ಒಂದು ರಾತ್ರಿ. ಅರ್ಧಕ್ಕೇ ಕರೆಂಟ್ ಹೋಯಿತು. ಆ ಮಳೆಗೆ ಮರುದಿನವೂ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರೇ ಕೇಳಿದರು: “ಆ ಸೋಪು ಕೊನೆಗೆ ಯಾರಿಗೆ ಕೊಟ್ಟ ಹುಡುಗ?” ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಾವು ಒಮ್ಮೆ ರಜೆಯಲ್ಲಿ ಬರುವಾಗ ಗೆಳೆಯನೊಬ್ಬನ ಮನೆಗೆ ಸ್ವೆಟರ್ ತಲುಪಿಸಲು ಒಂದು ದಿನ ಸುತ್ತಿ ಬಂದದ್ದನ್ನು ಹೇಳಿದರು. ನಲವತ್ತು ವರ್ಷದಲ್ಲಿ ಆ ಕತೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಇದನ್ನು ತೆಗೆದ ಗ್ರಿಗೊರಿ ಚುಖ್ರಾಯ್ ಸ್ವತಃ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಗಾಯಗೊಂಡವರು. ಹುಡುಗ ಮರಳಿ ಬರುವುದಿಲ್ಲ ಎಂದು ಚಿತ್ರ ಮೊದಲ ಕೆಲವು ನಿಮಿಷದಲ್ಲೇ ಹೇಳಿಬಿಡುತ್ತದೆ. ಹಾಗಾಗಿ ಮುಂದಿನ ಒಂದೊಂದು ಗಂಟೆಯ ಬೆಲೆ ಏನು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇಷ್ಟು ಸರಳವಾಗಿ ಇಷ್ಟು ಆಳಕ್ಕೆ ಇಳಿಯುವ ಯುದ್ಧದ ಚಿತ್ರ ನಾನು ಬೇರೆ ನೋಡಿಲ್ಲ. ಇದರ ಜೊತೆಗೇ ಹೇಳುವ ಇನ್ನೊಂದು ರಷ್ಯನ್ ಚಿತ್ರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’. 1957ರದ್ದು, ಮರುವರ್ಷ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆಯಿತು. ಅದು ಮನೆಯಲ್ಲಿ ಕಾಯುವವಳ ಕತೆ. ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ.

ಎರಡನೆಯದಾಗಿ ‘ಲಾ ಗ್ರಾಂದ್ ಇಲ್ಯೂಷನ್’. ಜಾನ್ ರೆನ್ವಾರ್ 1937ರಲ್ಲಿ ತೆಗೆದ ಫ್ರೆಂಚ್ ಚಿತ್ರ. ಮೊದಲ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕ ಫ್ರೆಂಚ್ ಸೈನಿಕರು, ಅವರ ಸೆರೆಮನೆ, ಅಲ್ಲಿನ ಜರ್ಮನ್ ಅಧಿಕಾರಿ. ಯುದ್ಧದ ಒಂದು ದೃಶ್ಯವೂ ಇಲ್ಲ. ರೆನ್ವಾರ್ ಆ ಯುದ್ಧದಲ್ಲಿ ವಿಮಾನ ಹಾರಿಸಿದವರು. ನಾಯಕ ಜಾನ್ ಗಬಾನ್ ಹಾಕಿಕೊಂಡಿರುವ ಸಮವಸ್ತ್ರದ ಕೋಟು ರೆನ್ವಾರ್ ಅವರದ್ದೇ. ಶತ್ರುಗಳಾದರೂ ಒಬ್ಬರನ್ನೊಬ್ಬರು ಗೌರವದಿಂದ ಕಾಣುವ ಇಬ್ಬರು ಅಧಿಕಾರಿಗಳು ಇದರ ಜೀವಾಳ. ನಾಜಿಗಳಿಗೆ ಈ ಚಿತ್ರ ಎಷ್ಟು ಸಿಟ್ಟು ತರಿಸಿತೆಂದರೆ ಪ್ಯಾರಿಸ್ ಹಿಡಿದ ಮೇಲೆ ಇದರ ಪ್ರತಿಗಳನ್ನು ವಶಪಡಿಸಿಕೊಂಡರು. ಮೂಲ ನೆಗೆಟಿವ್ ಬರ್ಲಿನ್‌ಗೆ ಹೋಗಿ, ಅಲ್ಲಿಂದ ಮಾಸ್ಕೋಗೆ ಹೋಗಿ, ದಶಕಗಳ ನಂತರ ಫ್ರಾನ್ಸಿಗೆ ಮರಳಿತು.

ಇದನ್ನು ನೋಡುವಾಗ ನನಗೆ ಪ್ರತಿಸಲ ಮಡಿಕೇರಿ ನೆನಪಾಗುತ್ತದೆ. 1965ರ ಯುದ್ಧದ ಕೊನೆಯಲ್ಲಿ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಭಾಗವಾಗುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನಿಗೆ ವಿಶೇಷವಾಗಿ ಏನಾದರೂ ಮಾಡುವ ಮಾತು ಬಂದಾಗ ಕಾರ್ಯಪ್ಪ ಬೇಡವೆಂದರು, ಸೆರೆಯಾದ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದರು. ಈ ಕತೆ ಕೊಡಗಿನ ಮಕ್ಕಳಿಗೆಲ್ಲ ಗೊತ್ತು. ನಿಮ್ಮಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಚಿತ್ರ ಮುಗಿದ ಮೇಲೆ ಮಾತು ತಾನಾಗಿಯೇ ಆ ಕಡೆ ಹೊರಳಬಹುದು.

ಬರ್ಮಾದ ಕತೆ ಕೇಳಿ ಬೆಳೆದ ಮನೆಯಾದರೆ ‘ದಿ ಬರ್ಮೀಸ್ ಹಾರ್ಪ್’ ಬಿಡಬೇಡಿ. ಕೋನ್ ಇಚಿಕಾವಾ 1956ರಲ್ಲಿ ತೆಗೆದ ಜಪಾನಿ ಚಿತ್ರ. ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಬರ್ಮಾ ಯುದ್ಧದಲ್ಲಿದ್ದವರು. ಅರಕಾನ್ ಕಡೆ ತಿಮ್ಮಯ್ಯನವರು ಬೆಟಾಲಿಯನ್ ಒಂದನ್ನು ಮುನ್ನಡೆಸಿದ್ದರು. ಆ ಯುದ್ಧದಲ್ಲಿ ನಮ್ಮವರ ಎದುರಿಗಿದ್ದ ಜಪಾನಿ ಸೈನಿಕರ ಕತೆ ಇದು. ಹಾರ್ಪ್ ನುಡಿಸುವ ಮಿಝುಷಿಮಾ ಎಂಬ ಸೈನಿಕ ಯುದ್ಧ ಮುಗಿದ ಮೇಲೆ ಊರಿಗೆ ಹೋಗುವುದಿಲ್ಲ. ದಾರಿಯುದ್ದಕ್ಕೂ ಅನಾಥವಾಗಿ ಬಿದ್ದ ಹೆಣಗಳನ್ನು ಮಣ್ಣು ಮಾಡಲು ಬೌದ್ಧ ಸನ್ಯಾಸಿಯಾಗಿ ಅಲ್ಲೇ ಉಳಿಯುತ್ತಾನೆ. ಕಾಡಂಚಿನಲ್ಲಿ ಜಪಾನಿ ಸೈನಿಕರು ಒಂದು ಹಾಡು ಹಾಡುತ್ತಾರೆ. ಸುತ್ತುವರಿದ ಬ್ರಿಟಿಷ್ ಸೈನಿಕರು ಅದೇ ರಾಗದಲ್ಲಿ ಇಂಗ್ಲಿಷಿನಲ್ಲಿ ಹಾಡುತ್ತಾರೆ. ಎರಡೂ ಕಡೆಯವರಿಗೆ ಗೊತ್ತಿದ್ದ, ಮನೆಯನ್ನು ನೆನೆಯುವ ಹಾಡು ಅದು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋಗಿಬಂದ ದಿನವೇ ಈ ಚಿತ್ರ ನೋಡಿದರೆ ಇನ್ನೂ ಚೆನ್ನ.

‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ (1957) ಬಗ್ಗೆಯೂ ಬಹಳ ಮಂದಿ ಕೇಳುತ್ತಾರೆ. ಏಳು ಆಸ್ಕರ್ ಪಡೆದ, ಶ್ರೀಲಂಕಾದ ಕಾಡಿನಲ್ಲಿ ತೆಗೆದ ಭವ್ಯ ಚಿತ್ರ. ಧಾರಾಳವಾಗಿ ನೋಡಿ. ಆದರೆ ನಡೆದದ್ದು ಹೀಗೇ ಎಂದುಕೊಳ್ಳಬೇಡಿ. ಜಪಾನಿಯರು ಸೆರೆಯಾಳುಗಳಿಂದ ರೈಲು ಸೇತುವೆ ಕಟ್ಟಿಸುವ ಕತೆ ಅದು. ಆ ಸೇತುವೆಯ ರೈಲು ಮಾರ್ಗ, ಥಾಯ್ಲೆಂಡ್‌ನಿಂದ ಬರ್ಮಾಕ್ಕೆ ಹೋಗುವುದು, ನಿಜ. ಸುಮಾರು 415 ಕಿಲೋಮೀಟರ್, 1942-43ರಲ್ಲಿ ಸೆರೆಯಾಳುಗಳಿಂದಲೂ ಏಷ್ಯಾದ ಕೂಲಿಗಳಿಂದಲೂ ಮಾಡಿಸಿದ್ದು. ಸತ್ತವರಲ್ಲಿ ಹೆಚ್ಚಿನವರು ಆ ಕೂಲಿಗಳು, ಅವರಲ್ಲಿ ಮಲಯಾದ ತೋಟಗಳಿಂದ ಹೋದ ತಮಿಳರೂ ಇದ್ದರು. ಚಿತ್ರದಲ್ಲಿ ಅವರು ಕಾಣುವುದೇ ಇಲ್ಲ. ತೋಟದ ಕೆಲಸಗಾರರ ನಡುವೆ ಬೆಳೆದ ನನಗೆ ಅದು ನೋವಿನ ವಿಷಯ.

ನಿವೃತ್ತಿಯಾಗಿ ಹೊಸದಾಗಿ ಮನೆಗೆ ಬಂದವರಿದ್ದರೆ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ (1946) ತೋರಿಸಿ. ಮೂವರು ಸೈನಿಕರು ಯುದ್ಧ ಮುಗಿಸಿ ಒಂದೇ ಊರಿಗೆ ಮರಳುತ್ತಾರೆ. ಮನೆಯಲ್ಲಿ ತಮ್ಮ ಜಾಗ ಎಲ್ಲಿ, ಇನ್ನು ಕೆಲಸ ಏನು ಎಂದು ಹುಡುಕುತ್ತಾರೆ. ಎರಡೂ ಕೈ ಕಳೆದುಕೊಂಡ ನಾವಿಕನ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ನಟರಲ್ಲ. ಸೈನ್ಯದ ತರಬೇತಿಯ ವೇಳೆ 1944ರಲ್ಲಿ ನಿಜಕ್ಕೂ ಕೈಗಳನ್ನು ಕಳೆದುಕೊಂಡವರು. ಆ ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಬಂತು. ಮೂವತ್ತೈದು ನಲವತ್ತಕ್ಕೇ ಪಿಂಚಣಿ ಬಂದು, ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಂತವರ ಮನೆಯಲ್ಲಿ ಈ ಚಿತ್ರ ಚೆನ್ನಾಗಿ ಅರ್ಥವಾಗುತ್ತದೆ. ಉದ್ದ ಜಾಸ್ತಿ, ಎರಡು ರಾತ್ರಿ ಮಾಡಿಕೊಳ್ಳಿ.

ಕೆಲವನ್ನು ನೀವೊಬ್ಬರೇ ನೋಡಿ. ‘ಕಮ್ ಅಂಡ್ ಸೀ’ (1985), ‘ಸೇವಿಂಗ್ ಪ್ರೈವೇಟ್ ರಯನ್’ (1998) ಶುರುವಿನ ಕಡಲತೀರದ ದೃಶ್ಯ, ‘ದಾಸ್ ಬೂಟ್’ (1981). ಮೂರೂ ಶ್ರೇಷ್ಠ ಚಿತ್ರಗಳು. ಆದರೆ ಅವುಗಳ ಶಬ್ದವೇ ಕೆಲವರಿಗೆ ಹಳೆಯ ಗಾಯ ಕೆದಕುತ್ತದೆ. ಪುತ್ತರಿಯ ಗುಂಡಿನ ಸದ್ದಿಗೆ ಹೊಂದಿಕೊಂಡ ಕಿವಿ ಅಲ್ವಾ ಎಂದುಕೊಳ್ಳಬೇಡಿ. ಅದು ಹಬ್ಬದ ಗುಂಡು.

ನೋಡುವ ರೀತಿಯ ಬಗ್ಗೆ ಎರಡು ಮಾತು. ಈ ಹೆಚ್ಚಿನ ಚಿತ್ರಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ. ವಯಸ್ಸಾದ ಕಣ್ಣಿಗೆ ಅದು ಕಷ್ಟ. ಪಕ್ಕದಲ್ಲಿ ಕೂತು ಮುಖ್ಯವಾದ ಸಾಲುಗಳನ್ನು ನೀವೇ ಹೇಳುತ್ತಾ ಹೋಗಿ, ಮನೆಯಲ್ಲಿ ಆಡುವ ಭಾಷೆಯಲ್ಲೇ. ‘ಬ್ಯಾಲಡ್ ಆಫ್ ಎ ಸೋಲ್ಜರ್’ನಲ್ಲಿ ಮಾತು ಕಡಿಮೆ, ಅದೂ ಒಂದು ಅನುಕೂಲ. ರಷ್ಯಾದ ಮಾಸ್‌ಫಿಲ್ಮ್ ಎಂಬ ಚಿತ್ರ ಸಂಸ್ಥೆ ತನ್ನ ಹಳೆಯ ಚಿತ್ರಗಳಲ್ಲಿ ಅನೇಕವನ್ನು ಯೂಟ್ಯೂಬ್‌ನಲ್ಲಿ ಹಾಕಿದೆ, ಅಲ್ಲಿ ಹುಡುಕಿ. ವಿದೇಶಿ ಚಿತ್ರವೇ ಬೇಡ ಅಂದರೆ ನಮ್ಮದೇ ‘ಮುತ್ತಿನ ಹಾರ’ (1990) ಇದೆ. ವಿಷ್ಣುವರ್ಧನ್ ಕೊಡವ ಸೈನಿಕನಾಗಿ, ಸುಹಾಸಿನಿ ಅವನ ಹೆಂಡತಿಯಾಗಿ ಮಾಡಿದ ಚಿತ್ರ. ಅದನ್ನು ನಿಮ್ಮಪ್ಪ ಆಗಲೇ ನೋಡಿರುತ್ತಾರೆ. ಇನ್ನೊಮ್ಮೆ ನೋಡಲು ಬೇಡ ಅನ್ನಲಾರರು.

ಸಿನಿಮಾ ನಡೆಯುವಾಗ “ನೀವೂ ಹೀಗೇ ಮಾಡಿದ್ರಾ?” ಎಂದು ಕೇಳಬೇಡಿ. ಅವರು ನಡುವೆ ಎದ್ದು ತೋಟದ ಕಡೆ ಹೋದರೆ ಹೋಗಲಿ. ಅಲ್ಲಿಗೇ ನಿಲ್ಲಿಸಿ ಇಡಿ, ಕಾಫಿ ಮಾಡಿಡಿ. ಉಳಿದದ್ದನ್ನು ನಾಳೆ ನೋಡಿದರಾಯಿತು.