ಸಹಿಯಿಲ್ಲದ ಕಾಗದ ಕೋರ್ಟಿಗೆ ಬಂದಾಗ

1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಮತಕ್ಕೆ ಹಾಕಿತು. ಪರವಾಗಿ 48 ಮತ ಬಂದವು, ವಿರೋಧವಾಗಿ ಒಂದೂ ಇರಲಿಲ್ಲ. ಸೋವಿಯತ್ ಒಕ್ಕೂಟ, ಸೌದಿ ಅರೇಬಿಯ, ದಕ್ಷಿಣ ಆಫ್ರಿಕ ಸೇರಿದಂತೆ 8 ದೇಶಗಳು ತಟಸ್ಥವಾಗಿ ಉಳಿದವು.

ಹಕ್ಕುಗಳ ವಿಷಯದಲ್ಲಿ ಸರ್ಕಾರಗಳು ಇಷ್ಟು ಸಲೀಸಾಗಿ ತಲೆಯಾಡಿಸಲು ಕಾರಣವಿತ್ತು. ಇದು ಒಡಂಬಡಿಕೆಯಲ್ಲ, ಯಾರನ್ನೂ ಕಾನೂನಿನಿಂದ ಕಟ್ಟಿಹಾಕುವುದಿಲ್ಲ ಎಂದು ಮಾನವ ಹಕ್ಕು ಆಯೋಗದ ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್ ಅವರೇ ಸಭೆಗೆ ಹೇಳಿದ್ದರು. ಒಡಂಬಡಿಕೆಯಾದರೆ ದೇಶವೊಂದು ಸಹಿ ಹಾಕಬೇಕು, ಬಳಿಕ ತನ್ನ ಪದ್ಧತಿಯಂತೆ ಅದನ್ನು ಸ್ಥಿರೀಕರಿಸಬೇಕು. ಘೋಷಣೆಗೆ ಮತ ಹಾಕಿದರೆ ಮುಗಿಯಿತು. ಹಾಗಾದರೆ ಅದು ಬರೀ ಮಾತೇ ಅಲ್ಲವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವರ ಅನುಮಾನ ಅಸಂಬದ್ಧವೇನಲ್ಲ. ಖರ್ಚಿಲ್ಲದ ಮಾತನ್ನು ಧಾರಾಳವಾಗಿ ಆಡುವುದರಲ್ಲಿ ಸರ್ಕಾರಗಳದು ಎತ್ತಿದ ಕೈ.

ಆದರೆ ಒಮ್ಮೆ ಆಡಿದ ಮಾತು ಎಲ್ಲಿ ತೇಲಿಬರುತ್ತದೆಂದು ಹೇಳಲಾಗದು. ಪರಾಗ್ವೆಯಲ್ಲಿ 1976ರಲ್ಲಿ 17 ವರ್ಷದ ಹುಡುಗನೊಬ್ಬನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಅವನ ತಂದೆ ಅಲ್ಲಿನ ಸರ್ವಾಧಿಕಾರಿಯ ವಿರೋಧಿಯಾಗಿದ್ದ ವೈದ್ಯ. ಆರೋಪ ಬಂದಿದ್ದು ಒಬ್ಬ ಪೊಲೀಸ್ ಅಧಿಕಾರಿಯ ಮೇಲೆ. ತವರಿನಲ್ಲಿ ನ್ಯಾಯ ಸಿಗಲಿಲ್ಲ. ಆಮೇಲೆ ಆ ಅಧಿಕಾರಿ ನ್ಯೂಯಾರ್ಕ್‌ನಲ್ಲಿ ಇರುವುದು ಹುಡುಗನ ಅಕ್ಕನಿಗೆ ಗೊತ್ತಾಗಿ, ಕುಟುಂಬ ಅಲ್ಲಿನ ಕೋರ್ಟಿನಲ್ಲೇ ದಾವೆ ಹೂಡಿತು. ದೂರುದಾರರೂ ಪರಾಗ್ವೆಯವರು, ಆರೋಪಿಯೂ ಪರಾಗ್ವೆಯವನು, ಘಟನೆ ನಡೆದದ್ದೂ ಅಲ್ಲೇ. ಅಮೆರಿಕದ ನ್ಯಾಯಾಲಯಕ್ಕೆ ಇದರಲ್ಲಿ ಏನು ಕೆಲಸ?

1980ರಲ್ಲಿ ಮೇಲ್ಮನವಿ ನ್ಯಾಯಾಲಯ ದಾವೆಯನ್ನು ಎತ್ತಿಹಿಡಿಯಿತು. ಯಾರನ್ನೂ ಚಿತ್ರಹಿಂಸೆಗೆ ಗುರಿಪಡಿಸಬಾರದು ಎನ್ನುವ 1948ರ ಘೋಷಣೆಯ 5ನೇ ವಿಧಿಯನ್ನೂ, ಚಿತ್ರಹಿಂಸೆಯ ವಿರುದ್ಧ ವಿಶ್ವಸಂಸ್ಥೆ 1975ರಲ್ಲಿ ಹೊರಡಿಸಿದ ಪ್ರತ್ಯೇಕ ಘೋಷಣೆಯನ್ನೂ ಅದು ಆಧಾರವಾಗಿ ತೆಗೆದುಕೊಂಡಿತು. ಅಂತರರಾಷ್ಟ್ರೀಯ ಕಾನೂನಿನಲ್ಲಿ ರೂಢಿಗೂ ಬೆಲೆಯಿದೆ: ದೇಶಗಳು ಒಂದು ರೀತಿಯಲ್ಲಿ ನಡೆದುಕೊಳ್ಳುತ್ತ, ಹಾಗೆ ನಡೆಯುವುದು ತಮ್ಮ ಕರ್ತವ್ಯವೆಂದು ನಂಬಿದ್ದರೆ ಅದೇ ಕಾನೂನಾಗುತ್ತದೆ. ಆ ನಂಬಿಕೆಗೆ ಸಾಕ್ಷಿ ಎಲ್ಲಿಂದ ತರುವುದು? ದೇಶಗಳು ಒಟ್ಟಾಗಿ ಒಪ್ಪಿದ ಘೋಷಣೆಗಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಕುಟುಂಬಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರದ ಆದೇಶವಾಯಿತು, ಹಣ ಮಾತ್ರ ಕೈಗೆ ಬರಲಿಲ್ಲ. ತೀರ್ಪಿನ ಮಿತಿಯೂ ಅದೇ.

ಇನ್ನೊಂದು ದಾರಿ ನಿಧಾನದ್ದು, ಆದರೆ ಹೆಚ್ಚು ಸವೆದದ್ದು. ಮೊದಲು ಘೋಷಣೆ, ಆಮೇಲೆ ಒಡಂಬಡಿಕೆ. ಮಕ್ಕಳ ಹಕ್ಕುಗಳಿಗೆ 1959ರಲ್ಲಿ ಘೋಷಣೆ ಬಂದರೆ ಒಡಂಬಡಿಕೆ ಬಂದದ್ದು 1989ರಲ್ಲಿ. ಮೂವತ್ತು ವರ್ಷವೆಂದರೆ, ಘೋಷಣೆಯ ಹೊತ್ತಿಗೆ ಮಕ್ಕಳಾಗಿದ್ದವರು ಅಷ್ಟರಲ್ಲಿ ತಾವೇ ಮಕ್ಕಳ ತಂದೆತಾಯಿ.

ಎಲ್ಲ ಘೋಷಣೆಗಳಿಗೂ ಅಷ್ಟು ಕಾಲ ಹಿಡಿಯುವುದಿಲ್ಲ. ಮೂಲನಿವಾಸಿ ಜನರ ಹಕ್ಕುಗಳ ಘೋಷಣೆ 2007ರ ಸೆಪ್ಟೆಂಬರ್ 13ರಂದು ಅಂಗೀಕಾರವಾಯಿತು. ಅಮೆರಿಕ, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ವಿರೋಧಿಸಿದವು. ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್ ಪರವಾಗಿ ಮತ ಹಾಕಿತು. ಮರುತಿಂಗಳೇ ಬೆಲೀಜ್‌ನ ಸುಪ್ರೀಂ ಕೋರ್ಟ್ ಮುಂದೆ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನಾಂಗದ ಹಳ್ಳಿಗರ ಭೂಮಿಯ ಪ್ರಕರಣ ತೀರ್ಮಾನಕ್ಕೆ ಬಂತು. ಆ ಘೋಷಣೆಗೆ ನಮ್ಮ ದೇಶ ತಾನೇ ಮತ ಹಾಕಿದೆ, ಸರ್ಕಾರ ಅದನ್ನು ಕಡೆಗಣಿಸಲಾರದು ಎಂದ ಮುಖ್ಯ ನ್ಯಾಯಾಧೀಶರು, ಭೂಮಿಯ ಮೇಲಿನ ಹಕ್ಕನ್ನು ಹಳ್ಳಿಗರಿಗೇ ಮಾನ್ಯ ಮಾಡಿದರು.